ಗೆಲಿಲಿಯೊ ಎಡವಿದ ಕಡೆಯಿಂದ ಪಾಠ ಶುರು

ಗಾಳಿಯ ಒತ್ತಡದ ಪಾಠಕ್ಕೆ ನಾನು ತರಗತಿಗೆ ಹೋಗುವುದು ಒಂದು ಸ್ಟ್ರಾ ಹಿಡಿದುಕೊಂಡು. ಲೋಟದ ನೀರು ಬಾಯಿಗೆ ಏರುವುದು ಹೇಗೆ? ಏಳನೇ ತರಗತಿಯ ಮಕ್ಕಳ ಉತ್ತರ ಪ್ರತಿವರ್ಷ ಒಂದೇ: ‘ನಾವು ಎಳೀತೀವಿ.’ ತಪ್ಪು ಎಂದು ಆಗಲೇ ಹೇಳಿಬಿಟ್ಟರೆ ಸರಿ ಉತ್ತರ ನೋಟ್‌ಬುಕ್ಕಿಗೆ ಹೋಗುತ್ತದೆ, ತಲೆಯಲ್ಲಿ ಹಳೆಯದೇ ಉಳಿಯುತ್ತದೆ. ಅದಕ್ಕೇ ಕಥೆ ತೆಗೆಯುತ್ತೇನೆ.

ಹದಿನೇಳನೇ ಶತಮಾನದ ಇಟಲಿ. ಹೀರುವ ಪಂಪು ಎಷ್ಟೇ ಚೆನ್ನಾಗಿರಲಿ, ನೀರು ಸುಮಾರು 10 ಮೀಟರ್ ಏರಿ ನಿಂತುಬಿಡುತ್ತಿತ್ತು. ತೂಗುಬಿಟ್ಟ ಹಗ್ಗ ತೀರಾ ಉದ್ದವಾದರೆ ತನ್ನ ಭಾರಕ್ಕೇ ಕಡಿಯುತ್ತದಲ್ಲ, ನೀರಿನ ಕಂಬವೂ ಹಾಗೆಯೇ ಕಡಿಯುತ್ತದೆ ಎಂದು ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಕಾರಣ ಕೊಟ್ಟ. ಅಂದರೆ ಅವನ ಲೆಕ್ಕದಲ್ಲೂ ನೀರನ್ನು ಮೇಲಿನಿಂದ ಎಳೆಯಲಾಗುತ್ತಿದೆ! ಗೆಲಿಲಿಯೊ ತಮ್ಮ ಪಕ್ಷದಲ್ಲಿದ್ದಾನೆಂದು ಗೊತ್ತಾದ ಮೇಲೆ ಮಕ್ಕಳಿಗೆ ತಪ್ಪಾಡುವ ಭಯ ಹೋಗುತ್ತದೆ, ವಾದ ಮಾಡುವ ಹುರುಪು ಬರುತ್ತದೆ.

ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ನೀರಿನ ಬದಲು ಪಾದರಸ ಹಿಡಿದ. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಅದನ್ನು ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ. ಅದು ನಿಂತದ್ದು ಸುಮಾರು 76 ಸೆಂಟಿಮೀಟರಿಗೆ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ. ಗುಣಿಸಿ ನೋಡಿ ಎನ್ನುತ್ತೇನೆ. 10.3 ಮೀಟರ್ ಬಂದಾಗ ಹಿಂದಿನ ಬೆಂಚಿನಲ್ಲೂ ಸದ್ದು ನಿಲ್ಲುತ್ತದೆ. (ಪಾದರಸ ವಿಷ, ಅದನ್ನು ತರಗತಿಗೆ ತರುವುದಿಲ್ಲ. ಲೆಕ್ಕ ಸಾಕು.) ನಾವು ಗಾಳಿಯ ಕಡಲಿನ ತಳದಲ್ಲಿ ಮುಳುಗಿ ಬದುಕುತ್ತಿದ್ದೇವೆ ಎಂದು ಟೊರಿಚೆಲ್ಲಿ 1644ರ ಪತ್ರವೊಂದರಲ್ಲಿ ಬರೆದ. ಅಂದರೆ ದ್ರವವನ್ನು ಮೇಲಿನಿಂದ ಯಾರೂ ಎಳೆಯುತ್ತಿಲ್ಲ, ಹೊರಗಿನ ಗಾಳಿಯ ಭಾರವೇ ಅದನ್ನು ಒತ್ತಿ ಏರಿಸುತ್ತಿದೆ.

ಹಾಗಾದರೆ ಮೇಲಿನ ಗಾಳಿ ಕಡಿಮೆಯಾಗುವ ಬೆಟ್ಟದ ಮೇಲೆ? 1648ರ ಸೆಪ್ಟೆಂಬರ್ 19ರಂದು ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಭಾವ ಪೆರಿಯೆ ಇಂಥದೇ ಕೊಳವೆ ಹಿಡಿದು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟ ಏರಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ನನಗೆ ಇದಕ್ಕಿಂತ ಮುಖ್ಯ ಇನ್ನೊಂದು ಸಂಗತಿ: ಆತ ಅಂಥದ್ದೇ ಇನ್ನೊಂದು ಕೊಳವೆಯನ್ನು ಕೆಳಗೆ ಬಿಟ್ಟು, ದಿನವಿಡೀ ಅದನ್ನು ನೋಡಲು ಒಬ್ಬರನ್ನು ಕೂರಿಸಿ ಹೋಗಿದ್ದ. ಏಕೆ? ಈ ಪ್ರಶ್ನೆಗೆ ಹತ್ತು ನಿಮಿಷ ಕೊಡುತ್ತೇನೆ. ‘ಹವಾಮಾನ ಬದಲಾಗಿ ಇಳಿದಿದ್ರೆ?’ ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ.

ನ್ಯೂಟನ್‌ನ ತಲೆಗೆ ಸೇಬು ಬಿದ್ದ ಕಥೆಯನ್ನು ನಾನು ಹೇಳುವುದಿಲ್ಲ. ಅದರಲ್ಲಿ ಬಡಿದಾಡಲು ಒಂದು ಒಳ್ಳೆಯ ತಪ್ಪು ಊಹೆಯೇ ಇಲ್ಲ.

ಕೊನೆಗೆ ಮತ್ತೆ ಲೋಟ. ಈ ಸಲ ಬಾಯಲ್ಲಿ ಎರಡು ಸ್ಟ್ರಾ, ಒಂದರ ತುದಿ ನೀರಿನಲ್ಲಿ, ಇನ್ನೊಂದರದು ಲೋಟದ ಹೊರಗೆ. ಎಷ್ಟು ಹೀರಿದರೂ ನೀರು ಬಾಯಿಗೆ ಬರುವುದಿಲ್ಲ: ಹೊರಗಿನ ಸ್ಟ್ರಾದಿಂದ ಗಾಳಿ ನುಗ್ಗುವುದರಿಂದ ಬಾಯೊಳಗಿನ ಒತ್ತಡ ಇಳಿಯುವುದೇ ಇಲ್ಲ. ‘ಎಳೀತೀವಿ’ ಎಂದವರಿಗೇ ಮೊದಲು ಕೊಡುತ್ತೇನೆ.