ಮೊದಲು ತೀರ್ಮಾನ, ಆಮೇಲೆ ಸಭೆ

ನನ್ನ ಕೋಣೆಗೆ ಬರುವ ಅಧ್ಯಾಪಕರು ಬಾಗಿಲು ಹಾಕಿಕೊಂಡ ಮೇಲೆಯೇ ಮಾತು ತೆಗೆಯುವುದು. ಮೊದಲ ಮಾತು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: "ನಮ್ಮ ಮುಖ್ಯಸ್ಥರು ಸರ್ವಾಧಿಕಾರಿ." ನಾನು ಅಮೆರಿಕದ ವಿಶ್ವವಿದ್ಯಾಲಯವೊಂದರ ಒಂಬುಡ್ಸ್. ಯಾರ ಪರವನ್ನೂ ವಹಿಸದೆ, ಗುಟ್ಟು ಬಿಟ್ಟುಕೊಡದೆ ದೂರು ಕೇಳಿಸಿಕೊಂಡು, ಮುಂದಿನ ದಾರಿ ಯಾವುದೆಂದು ಹೇಳುವ ಕೆಲಸ. ತೀರ್ಪು ಕೊಡುವ ಅಧಿಕಾರವಿಲ್ಲ. ಹಾಗಾಗಿ ಸರ್ವಾಧಿಕಾರಿ ಎಂಬ ಮಾತಿಗೆ ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. "ನಿಮ್ಮ ವಿಭಾಗದ ಬೈಲಾ ಓದಿದ್ದೀರಾ?" ಎಂದು ಕೇಳುತ್ತೇನೆ. "ಇದೆ ಅನ್ಸುತ್ತೆ, ಎಲ್ಲೋ ಇರಬೇಕು" ಅನ್ನುವವರೇ ಹೆಚ್ಚು.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಬುಧವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಮುಖ್ಯಸ್ಥರಿಂದ ಇಮೇಲ್. ಸ್ನಾತಕೋತ್ತರ ವಿದ್ಯಾರ್ಥಿಗಳ ಎರಡು ಸೆಮಿನಾರುಗಳಲ್ಲಿ, ಅಂದರೆ ಚರ್ಚೆಯ ರೂಪದ ಪಾಠಗಳಲ್ಲಿ, ಒಂದನ್ನು ಕೈಬಿಡಲಾಗುವುದು, ನಾಳೆಯ ಸಭೆಯಲ್ಲಿ ಚರ್ಚಿಸೋಣ. ಕೊನೆಯ ಸಾಲು: "ಹಿಂದೆ ನಾವು ಮಾತಾಡಿಕೊಂಡಂತೆ." ಯಾರ ಜೊತೆ ಮಾತಾಡಿಕೊಂಡದ್ದು? ಯಾರಿಗೂ ನೆನಪಿಲ್ಲ. ಗುರುವಾರ ಹದಿಮೂರು ಜನ ಸೇರಿದರು. ಚರ್ಚೆ ನಡೆಯುತ್ತಿದ್ದಾಗಲೇ ಒಬ್ಬರು ಫೋನಿನಲ್ಲಿ ನೋಡಿದರೆ ಹೊಸ ವೇಳಾಪಟ್ಟಿ ಆಗಲೇ ರಿಜಿಸ್ಟ್ರಾರ್ ಕಚೇರಿಯ ಪುಟದಲ್ಲಿತ್ತು. ಮತಕ್ಕೆ ಹಾಕಿದರು. ಕೈಬಿಡಬಾರದು ಎಂದು ಒಂಬತ್ತು, ಬಿಡಬಹುದು ಎಂದು ನಾಲ್ಕು. "ಇದು ಸಲಹೆ ರೂಪದ ಮತ" ಎಂದು ಮುಖ್ಯಸ್ಥರು ಎದ್ದರು. ವಾರದ ನಂತರ ಬಂದ ನಡಾವಳಿಯಲ್ಲಿ ಒಂಬತ್ತೂ ಇಲ್ಲ, ನಾಲ್ಕೂ ಇಲ್ಲ. "ಚರ್ಚೆ ನಡೆಯಿತು" ಎಂದಷ್ಟೇ.

ಇಷ್ಟನ್ನೂ ಪ್ರಿಂಟ್ ಹಾಕಿ, ಹಳದಿ ಗೆರೆ ಎಳೆದು ತಂದಿದ್ದ ಪ್ರಾಧ್ಯಾಪಕಿಗೆ ನಾನು ಹೇಳಿದ್ದು: ಸರ್ವಾಧಿಕಾರದ ಮಾತು ಬಿಡಿ, ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇದೆ.

ಹಂಚಿಕೆಯ ಆಡಳಿತ, ಅಂದರೆ ಅಧ್ಯಾಪಕರೂ ಆಡಳಿತದವರೂ ಸೇರಿ ತೀರ್ಮಾನಿಸುವುದು, ಎಂದು ಇಲ್ಲಿ ಎಲ್ಲರೂ ಜಪಿಸುವ ತತ್ವಕ್ಕೆ 1966ರ ಒಂದು ಹೇಳಿಕೆಯೇ ಆಧಾರ. ಅಮೆರಿಕದ ಪ್ರಾಧ್ಯಾಪಕರ ಸಂಘವಾದ ಎಎಯುಪಿ, ಕಾಲೇಜುಗಳ ಮಂಡಳಿ ಎಸಿಇ, ಆಡಳಿತ ಮಂಡಳಿಗಳ ಒಕ್ಕೂಟ ಎಜಿಬಿ, ಮೂರೂ ಕೂತು ರೂಪಿಸಿದ್ದು. ಪಠ್ಯಕ್ರಮ, ಬೋಧನಾ ವಿಧಾನ, ಸಂಶೋಧನೆ, ನೇಮಕಾತಿ, ಬಡ್ತಿ, ಟೆನ್ಯೂರ್ (ಕಾಯಂ ಹುದ್ದೆಯ ಭದ್ರತೆ) ಇವುಗಳ ಪ್ರಾಥಮಿಕ ಹೊಣೆ ಅಧ್ಯಾಪಕರದ್ದು. ಅದನ್ನು ಮೇಲಿನವರು ತಳ್ಳಿಹಾಕುವುದು ಅಪರೂಪವಾಗಿರಬೇಕು, ತಳ್ಳಿಹಾಕಿದರೆ ಕಾರಣ ವಿವರವಾಗಿ ಹೇಳಬೇಕು. ಮುಖ್ಯಸ್ಥರನ್ನು ವಿಭಾಗ ಚುನಾಯಿಸಬೇಕು, ಇಲ್ಲವೇ ವಿಭಾಗವನ್ನು ಕೇಳಿ ನೇಮಿಸಬೇಕು. ಆ ಕುರ್ಚಿಗೆ ಅವಧಿ ಉಂಟು, ಟೆನ್ಯೂರ್ ಇಲ್ಲ. ಇದು ಕಾನೂನಲ್ಲ. ನಿಮ್ಮ ಸಂಸ್ಥೆಯ ಕೈಪಿಡಿಗೋ ಬೈಲಾಕ್ಕೋ ಇಳಿದಾಗ ಮಾತ್ರ ಇದಕ್ಕೆ ಹಲ್ಲು ಬರುತ್ತದೆ.

ಯಾವ ಪಾಠ ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಎನ್ನುವುದು ಮುಖ್ಯಸ್ಥರ ಕೆಲಸ. ಪ್ರತಿಯೊಂದಕ್ಕೂ ಮತ ಹಾಕುತ್ತ ಕೂತರೆ ಸೆಮಿಸ್ಟರ್ ಶುರುವಾಗುವುದೇ ಇಲ್ಲ. ಆದರೆ ಪದವಿಯ ರಚನೆಯಿಂದಲೇ ಒಂದು ಸೆಮಿನಾರನ್ನು ಕಿತ್ತುಹಾಕುವುದು ಪಠ್ಯಕ್ರಮದ ಬದಲಾವಣೆ. ಪಠ್ಯಕ್ರಮದ ತೀರ್ಮಾನವನ್ನು ವೇಳಾಪಟ್ಟಿಯ ವೇಷ ಹಾಕಿಸಿ ಸಾಗಿಸುವುದು ನಾನು ಕಂಡ ಜಗಳಗಳ ತಾಯಿಬೇರು. ಎಷ್ಟೋ ಸಲ ಬೇಕೆಂದೇ ಮಾಡಿದ್ದಲ್ಲ, ಗೆರೆ ಎಲ್ಲಿದೆ ಎಂದು ಮುಖ್ಯಸ್ಥರಿಗೂ ಗೊತ್ತಿರುವುದಿಲ್ಲ. ಒಳ್ಳೆಯ ಸಂಶೋಧಕರನ್ನು ಹಿಡಿದು ತಂದು ಕೂರಿಸಿ, ಬಜೆಟ್ ಕಡತ ಕೈಗಿಟ್ಟು ಹೋಗುವ ಜಾಗ ಅದು. ಮೂರು ವರ್ಷವೋ ಐದು ವರ್ಷವೋ ಕಳೆದ ಮೇಲೆ ಇದೇ ಸಹೋದ್ಯೋಗಿಗಳ ನಡುವೆ ಮರಳಿ ಕೂರಬೇಕು.

ಪ್ರಾಧ್ಯಾಪಕಿಯ ಒಪ್ಪಿಗೆ ಪಡೆದು ಮುಖ್ಯಸ್ಥರ ಜೊತೆಗೂ ಮಾತಾಡಿದೆ. ಡೀನ್ ಈ ಮುಖ್ಯಸ್ಥರಿಗೆ ಕೊಟ್ಟದ್ದು ಎಂಟೇ ದಿನ: ಇಷ್ಟು ಹಣ ಉಳಿಸಿ, ಇಲ್ಲವೇ ಖಾಲಿ ಹುದ್ದೆ ಮರೆತುಬಿಡಿ. "ಇದನ್ನು ಸಭೆಯಲ್ಲಿ ಹೇಳಲಿಲ್ಲವೇಕೆ?" ಎಂದೆ. "ಹೇಳಿದ್ದರೆ ನನ್ನನ್ನು ಡೀನ್ ಕಡೆಯವನು ಅಂದುಬಿಡುತ್ತಿದ್ದರು." ಹೇಳದಿದ್ದುದಕ್ಕೂ ಅದನ್ನೇ ಅಂದರು, ಪಾಪ.

ಈಗ ದೂರಿನ ಹಾದಿ. ದೂರು ಸಮಿತಿಗಳು ಬಹುತೇಕ ಕಡೆ ಕೇಳುವುದು ಯಾವ ನಿಯಮ, ಯಾವ ದಿನ, ಹೇಗೆ ಮುರಿಯಿತು ಎಂದು. "ನಾಯಕತ್ವದ ಕೊರತೆ" ಎಂಬ ದೂರನ್ನು ಅವು ಮುಟ್ಟುವುದೂ ಇಲ್ಲ. ಅವಿಶ್ವಾಸ ಮತದಿಂದಲೇ ಶುರುಮಾಡಲು ಹೊರಟವರನ್ನು ತಡೆಯುತ್ತೇನೆ. ಸಾಮಾನ್ಯವಾಗಿ ಅದಕ್ಕೆ ಡೀನ್ ಬದ್ಧರಲ್ಲ, ಗಾಯ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಕೈ ಎತ್ತಿ ಮತ ಹಾಕಿಸುವುದೂ ಬೇಡ. ಟೆನ್ಯೂರ್ ಇನ್ನೂ ಸಿಗದ ಸಹಾಯಕ ಪ್ರಾಧ್ಯಾಪಕರು ತಮ್ಮ ಕಡತ ಬರೆಯುವವರ ಎದುರಲ್ಲೇ ಕೈ ಎತ್ತಬೇಕಾಗುತ್ತದೆ. ಅರೆಕಾಲಿಕ ಬೋಧಕರಿಗೆ ಎಷ್ಟೋ ಕಡೆ ಮತವೇ ಇಲ್ಲ.

ಯೂನಿಯನ್ ಕಟ್ಟಬಾರದೇ ಎನ್ನುವವರಿಗೆ ಯೆಶಿವಾ ಎಂಬ ಖಾಸಗಿ ವಿಶ್ವವಿದ್ಯಾಲಯದ 1980ರ ಪ್ರಕರಣ ನೆನಪಿಸುತ್ತೇನೆ. ಅಲ್ಲಿನ ಪೂರ್ಣಕಾಲಿಕ ಅಧ್ಯಾಪಕರು ಆಡಳಿತದಲ್ಲಿ ಪಾಲು ಪಡೆಯುತ್ತಾರೆ, ಆದ್ದರಿಂದ ಅವರು ವ್ಯವಸ್ಥಾಪಕರು, ರಾಷ್ಟ್ರೀಯ ಕಾರ್ಮಿಕ ಕಾಯ್ದೆಯ ರಕ್ಷಣೆ ಅವರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 5–4ರಿಂದ ಹೇಳಿತು. ನಡಾವಳಿಯಲ್ಲಿ ಮತದ ಲೆಕ್ಕವೂ ಸಿಗದವರು ಇದನ್ನು ಕೇಳಿ ನಗುತ್ತಾರೆ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು ಅನ್ವಯಿಸುವುದರಿಂದ ಅಲ್ಲಿಯ ಕಥೆ ಬೇರೆ.

ಆ ಪ್ರಾಧ್ಯಾಪಕಿ ಮುಂದಿನ ಸಭೆಯಲ್ಲಿ ಮಾಡಿದ್ದು ಒಂದೇ ಕೆಲಸ. ಹಿಂದಿನ ನಡಾವಳಿ ಒಪ್ಪಿಗೆಗೆ ಬಂದಾಗ ಎದ್ದು, "ಒಂಬತ್ತು–ನಾಲ್ಕು ಎಂದು ಸೇರಿಸಿ" ಎಂದರು. ಯಾರೂ ವಿರೋಧಿಸಲಿಲ್ಲ. ಮತದ ಲೆಕ್ಕ ಕಾಗದದ ಮೇಲೆ ಬಂದ ಮೇಲೆ ಡೀನ್ ಕಚೇರಿ ವಿವರಣೆ ಕೇಳಿತು, ವಿವರಣೆಗಾಗಿ ಬೈಲಾ ಹುಡುಕಿದರು. ಕಚೇರಿ ಸಹಾಯಕಿಯ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿತು, ಟೈಪ್ ಮಾಡಿದ ಹಳೆಯ ಪ್ರತಿ. ಅದರ ಪ್ರಕಾರ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಹದಿನೈದು. ವಿಭಾಗದಲ್ಲಿ ಈಗ ಇರುವವರೇ ಹದಿನಾಲ್ಕು. ಅಂದರೆ ಮುಖ್ಯಸ್ಥರ ಸಭೆಯೂ ಸಿಂಧುವಲ್ಲ, ಒಂಬತ್ತು–ನಾಲ್ಕರ ಮತವೂ ಸಿಂಧುವಲ್ಲ, ನಡಾವಳಿ ತಿದ್ದಿದ್ದೂ ಅಲ್ಲ.

ಹೊಸ ಬೈಲಾ ಬರೆಯಲು ಮೂವರ ಸಮಿತಿ ಆಗಿದೆ. ಮೊದಲ ಸಭೆಯ ಅಜೆಂಡಾ ಐದು ದಿನ ಮುಂಚೆಯೇ ಬಂದಿತ್ತಂತೆ. ಮುಖ್ಯಸ್ಥರು ಬಂದಿದ್ದರು. ಪ್ರಾಧ್ಯಾಪಕಿಗೆ ಅವತ್ತು ಬೇರೆ ಕೆಲಸವಿತ್ತು.