ಹುಲ್ಲಿನ ಗುಡ್ಡ ಹತ್ತೋ ದೋಣಿಗಳು

ಪೋಲೆಂಡ್‌ನ ಉತ್ತರದಲ್ಲಿ ಎಲ್ಬ್ಲೋಂಗ್ ಕಾಲುವೆ ಅಂತ ಒಂದಿದೆ, ಅಲ್ಲಿ ದೋಣಿ ನೀರಿಂದ ಎದ್ದು ಹಸಿರು ಹುಲ್ಲಿನ ಇಳಿಜಾರಲ್ಲಿ ಜನ ಕೂತಿರೋ ಹಾಗೇ ಗುಡ್ಡ ಹತ್ತುತ್ತೆ, ಆ ಕಡೆ ಮತ್ತೆ ನೀರಿಗಿಳಿಯುತ್ತೆ. ಇಂಜಿನ್ ಇಲ್ಲ, ಕರೆಂಟೂ ಇಲ್ಲ! ನನಗಂತೂ ಇದು 19ನೇ ಶತಮಾನದ ಅತಿ ಚೆಂದದ ಇಂಜಿನಿಯರಿಂಗ್ ಕೆಲಸಗಳಲ್ಲೊಂದು.

ಆಗ ಆ ಪ್ರದೇಶ ಪ್ರಶ್ಯಾ ಅನ್ನೋ ಜರ್ಮನ್ ರಾಜ್ಯದಲ್ಲಿತ್ತು. ಒಳನಾಡಿನ ಕೆರೆಗಳ ಕಡೆಯಿಂದ ಮರ, ಧಾನ್ಯ ಬಾಲ್ಟಿಕ್ ಸಮುದ್ರದ ಕಡೆ ಹೋಗ್ಬೇಕಿತ್ತು, ಆದ್ರೆ 10 ಕಿ.ಮೀ. ಒಳಗೇ ನೀರಿನ ಮಟ್ಟ ಸುಮಾರು 100 ಮೀಟರ್ ಕೆಳಗಿಳಿಯುತ್ತೆ. ಮಾಮೂಲಿ ದಾರಿ ಅಂದ್ರೆ ಲಾಕ್, ಅಂದ್ರೆ ಗೇಟ್ ಹಾಕಿದ ತೊಟ್ಟಿಗಳು, ಮೆಟ್ಟಿಲಿನ ಥರ ಒಂದಾದ ಮೇಲೊಂದು. ಇಷ್ಟು ಎತ್ತರಕ್ಕೆ ಅವು ಸಾಲುಸಾಲಾಗಿ ಬೇಕು, ಪ್ರತಿ ಸಲ ತೊಟ್ಟಿ ಖಾಲಿ ಮಾಡಿದಾಗ್ಲೂ ಮೇಲಿನ ನೀರು ಕೆಳಗೆ ಹೋಗುತ್ತೆ. ಇಂಜಿನಿಯರ್ ಗೆಯೋರ್ಗ್ ಸ್ಟೀನ್ಕೆ ಬೇರೆ ದಾರಿ ಹಿಡಿದ್ರು: ದೋಣಿನೇ ಹಳಿ ಮೇಲೆ ಎಳೆಯೋದು.

ಹಳಿಗಳು ನೀರೊಳಗಿಂದಲೇ ಶುರುವಾಗುತ್ತವೆ. ಮುಳುಗಿರೋ ಗಾಡಿ ಮೇಲೆ ದೋಣಿ ತೇಲಿ ಬಂದು ನಿಲ್ಲುತ್ತೆ, ಗಾಡಿ ಮೇಲೇರ್ತಾ ಹೋದ ಹಾಗೆ ನೀರು ಬಿಟ್ಟು ಅದರ ಮೇಲೆ ಕೂರುತ್ತೆ. ಬಾವಿ ರಾಟೆಗೆ ಎರಡು ಕೊಡ ಕಟ್ಟಿ ಸೇದಿದ್ದು ನೆನಪಿದ್ರೆ ಮುಂದಿನದು ಸುಲಭ: ಒಂದು ಗಾಡಿ ಮೇಲೆ ಬರೋವಾಗ ಇನ್ನೊಂದು ಕೆಳಗೆ ಹೋಗುತ್ತೆ, ಎರಡನ್ನೂ ಒಂದೇ ಹಗ್ಗದ ವ್ಯವಸ್ಥೆ ಹಿಡಿದಿರುತ್ತೆ, ಹಾಗಾಗಿ ಗಾಡಿಗಳ ತೂಕ ಒಂದಕ್ಕೊಂದು ವಜಾ ಆಗಿ ಉಳಿದ ಭಾರ, ತಿಕ್ಕಾಟ ಇಷ್ಟನ್ನೇ ಗೆದ್ದರೆ ಸಾಕು. ಆ ಬಲ ಬರೋದು ಮೇಲಿನ ಕಾಲುವೆಯಿಂದ ಪೈಪಲ್ಲಿ ಇಳಿದು ದೊಡ್ಡ ಚಕ್ರ ತಿರುಗಿಸೋ ನೀರಿಂದ. ದೋಣಿನ ತೇಲಿಸೋ ನೀರೇ ಅದನ್ನ ಗುಡ್ಡಕ್ಕೂ ಹತ್ತಿಸುತ್ತೆ!

ಹಗ್ಗದ ವಿಷಯ ಹೇಳಲೇಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1834ರಲ್ಲೇ ಅಲೆಘೆನಿ ಬೆಟ್ಟದ ಮೇಲೆ ಕಾಲುವೆ ದೋಣಿ ಸಾಗಿಸೋ ರೈಲು ಶುರುವಾಗಿತ್ತು, ಆದ್ರೆ ನಾರಿನ ಹಗ್ಗ ಸವೆದು ಕಿತ್ತು ಹೋಗ್ತಿತ್ತು. 1840ರ ದಶಕದಲ್ಲಿ ಅಲ್ಲಿ ತಂತಿ ಹಗ್ಗ ತಂದವರು ಜಾನ್ ರೋಬ್ಲಿಂಗ್, ಮುಂದೆ ಬ್ರೂಕ್ಲಿನ್ ಸೇತುವೆ ವಿನ್ಯಾಸ ಮಾಡಿದವರೂ ಅವರೇ. ಅಂಥ ಹಗ್ಗ ಇಲ್ಲದೆ ಟನ್‌ಗಟ್ಟಲೆ ಭಾರದ ದೋಣಿನ ಇಳಿಜಾರಲ್ಲಿ ನಂಬಿಕೆಯಿಂದ ಎಳೆಯೋದು ತುಂಬಾ ಕಷ್ಟ.

ಎಲ್ಬ್ಲೋಂಗ್ ಕಾಲುವೆಯಲ್ಲಿ 1860ರಲ್ಲಿ ದೋಣಿ ಓಡಾಟ ಶುರುವಾದಾಗ ಇಂಥ ಇಳಿಜಾರು ನಾಲ್ಕಿದ್ವು. ಐದನೆಯದು ಆಮೇಲೆ ಬಂತು, ಅದಕ್ಕೆ ಚಕ್ರದ ಬದಲು ಟರ್ಬೈನ್. ಸರಕೆಲ್ಲ ರೈಲ್ವೆ ಪಾಲಾಯ್ತು, ಈಗ ಹೋಗೋದು ಪ್ರವಾಸಿಗರ ದೋಣಿ, ಬುಚಿನಿಯೆಟ್ಸ್ ಇಳಿಜಾರಲ್ಲಿ ಅದನ್ನ ಇವತ್ತಿಗೂ ಎಳೆಯೋದು ನೀರಿನ ಚಕ್ರನೇ.