ತೂತು ಚಿಕ್ಕದು, ದಾಟುವ ಬೆಳಕು ಜಾಸ್ತಿ

ಹೆಂಚಿನ ಸಂದಿನಿಂದ ಇಳಿಯುವ ಬಿಸಿಲುಕೋಲನ್ನು ನೋಡಿದವರಿಗೆ ಗೊತ್ತು, ಸಂದು ಎಷ್ಟಿದೆಯೋ ಅಷ್ಟೇ ಬೆಳಕು. ಆದರೆ ತೂತು ಬೆಳಕಿನ ತರಂಗಾಂತರಕ್ಕಿಂತ ತುಂಬಾ ಚಿಕ್ಕದಾದರೆ ಈ ಲೆಕ್ಕ ನಡೆಯುವುದಿಲ್ಲ. 1944ರಲ್ಲಿ ಭೌತವಿಜ್ಞಾನಿ ಹ್ಯಾನ್ಸ್ ಬೆಥೆ ಇದಕ್ಕೊಂದು ಸೂತ್ರ ಕೊಟ್ಟರು. ಅದರಂತೆ ತೂತಿನ ಅಗಲ ಅರ್ಧವಾದರೆ, ಅದರ ಮೇಲೆ ಬಿದ್ದ ಬೆಳಕಿನಲ್ಲಿ ದಾಟುವ ಪಾಲು ಹದಿನಾರನೇ ಒಂದಕ್ಕೆ ಇಳಿಯುತ್ತದೆ.

1989ರಲ್ಲಿ ಜಪಾನಿನ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿದ್ದ ವಿಜ್ಞಾನಿ ಥಾಮಸ್ ಎಬ್ಬೆಸೆನ್ ಅವರಿಗೆ ಅಣುಗಳನ್ನು ಇಟ್ಟು ನೋಡಲು ಪುಟ್ಟ ತೂತುಗಳು ಬೇಕಿದ್ದವು. ಸಹೋದ್ಯೋಗಿಗಳು ಲೋಹದ ಪದರದಲ್ಲಿ ಸಾಲು ಸಾಲಾಗಿ ತೂತು ಮಾಡಿಕೊಟ್ಟರು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು! ಕಾಣಬಾರದಿತ್ತು, ಅಲ್ವಾ? ಇದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಗಿದ್ದು 1998ರಲ್ಲಿ. ಅರ್ಥವಾಗದ ಫಲಿತಾಂಶವನ್ನು ಒಂಬತ್ತು ವರ್ಷ ಕೈಬಿಡಲಿಲ್ಲ. ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸುವುದು ಅದೇ.

ಆ ಲೇಖನದ ಒಂದು ಬೆಳ್ಳಿ ಪದರ 200 ನ್ಯಾನೋಮೀಟರ್ ದಪ್ಪ. ತೂತುಗಳು 150 ನ್ಯಾನೋಮೀಟರ್ ಅಗಲ, 900 ನ್ಯಾನೋಮೀಟರ್‌ಗೊಂದು. ಅಂದರೆ ಪದರದಲ್ಲಿ ತೂತಿನ ಜಾಗ ನೂರರಲ್ಲಿ ಸುಮಾರು 2 ಪಾಲು. ಆದರೂ ಕೆಲವು ತರಂಗಾಂತರಗಳಲ್ಲಿ ತೂತಿನ ಮೇಲೆ ನೇರ ಬಿದ್ದದ್ದರ ಎರಡು ಪಟ್ಟಿಗೂ ಹೆಚ್ಚು ಬೆಳಕು ಆಚೆ ಬಂತು. ತೂತಿಲ್ಲದ ಜಾಗಕ್ಕೆ ಬಿದ್ದ ಬೆಳಕೂ ದಾರಿ ಕಂಡುಕೊಂಡಿತ್ತು.

ಅದು ಹೇಗೆ? ಬೆಳಕು ಬಿದ್ದಾಗ ಲೋಹದ ಮೈಮೇಲಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ಅಲೆಯಂತೆ ತೂಗಬಲ್ಲವು. ಇದೇ ಸರ್ಫೇಸ್ ಪ್ಲಾಸ್ಮಾನ್. ನುಣುಪಾದ ಲೋಹದಲ್ಲಿ ಬೆಳಕು ಸುಮ್ನೆ ಬಿದ್ದರೆ ಈ ಅಲೆ ಏಳುವುದಿಲ್ಲ. ತೂತುಗಳು ಸರಿಯಾದ ಅಂತರದಲ್ಲಿದ್ದರೆ ಏಳುತ್ತದೆ, ತೂತುಗಳ ಮೂಲಕ ಹಾದು ಆಚೆ ಮತ್ತೆ ಬೆಳಕಾಗುತ್ತದೆ. ಇಂಥ ಅಲೆ ಏಳದ ಜರ್ಮೇನಿಯಂ ಪದರದಲ್ಲಿ ಹಾಗೇ ತೂತು ಮಾಡಿ ನೋಡಿದರು. ಬೆಳಕು ಹೆಚ್ಚಲಿಲ್ಲ.

ಬೆಥೆ ತಪ್ಪು ಹೇಳಿರಲಿಲ್ಲ. ಅವರ ಲೆಕ್ಕ ಒಂಟಿ ತೂತಿನದು. ಸಾಲಾಗಿ ನಿಂತರೆ ಕಥೆ ಬೇರೆ ಎಂಬ ಸುಳಿವು ಅದಕ್ಕೂ ಮೊದಲೇ ಇತ್ತು. ಸಮ ಅಂತರದಲ್ಲಿ ಸಾಲು ಗೀರುಗಳಿದ್ದ ಲೋಹದ ಫಲಕದಿಂದ ಮರಳಿದ ಬೆಳಕಿನಲ್ಲಿ ಆರ್. ಡಬ್ಲ್ಯು. ವುಡ್ 1902ರಲ್ಲೇ ವಿಚಿತ್ರ ಕಪ್ಪು ಪಟ್ಟಿಗಳನ್ನು ಕಂಡಿದ್ದರು. ಅದಕ್ಕೆ ಮೈಮೇಲಿನ ಅಲೆಗಳೇ ಕಾರಣ ಎಂದು 1941ರಲ್ಲಿ ಉಗೊ ಫಾನೊ ವಿವರಿಸಿದ್ದರು.

ಈಗ ತೂತುಗಳ ಅಂತರ ಬದಲಿಸಿ ಬೇಕಾದ ಬಣ್ಣವನ್ನಷ್ಟೇ ಬಿಡುವ ಸೋಸುಕಗಳನ್ನು ಮಾಡುತ್ತಾರೆ. ಬೆಥೆಯ ಒಂಟಿ ತೂತಿಗೂ ಕೆಲಸ ಸಿಕ್ಕಿದೆ. ಡಿಎನ್‌ಎ ಓದುವ ಒಂದು ಬಗೆಯ ಯಂತ್ರದಲ್ಲಿ ಅಲ್ಯೂಮಿನಿಯಂ ಪದರದ ಪುಟ್ಟ ತೂತುಗಳಿವೆ. ಅವುಗಳ ಮೂಲಕ ಬೆಳಕು ದಾಟಲಾರದು, ತಳದಲ್ಲಷ್ಟೇ ನಿಲ್ಲುತ್ತದೆ. ಅಲ್ಲಿ ಕೂತು ಡಿಎನ್‌ಎ ನಕಲು ಮಾಡುವ ಒಂದೇ ಒಂದು ಕಿಣ್ವದ ಕೆಲಸವನ್ನು ಆ ಬೆಳಕಿನಲ್ಲೇ ನೋಡುತ್ತಾರೆ.